ಬಸ್ಸಿನ ಬೆನ್ನ ಮೇಲೆ ಸೆವ್ದಾ

ಸ್ಲಿವೆನ್ ಊರಿನ ರೈಲುಹಳಿಯಾಚೆ ಇರುವ ರೋಮಾ ಜನಾಂಗದವರ ಕೇರಿಯಲ್ಲಿ ಮಿಂಕಾಳಿಗೆ ತೆರೆಯದ ಬಾಗಿಲೇ ಇರಲಿಲ್ಲ. ಅದೇ ಕೇರಿಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾದವಳು. ಕೇರಿಗೂ ಆಸ್ಪತ್ರೆಗೂ ನಡುವೆ ಓಡಾಡುವುದು ಅವಳ ನೌಕರಿ. ಕೂಸುಗಳಿಗೆ ಚುಚ್ಚುಮದ್ದು ಹಾಕಿಸಬೇಕು, ಬಸುರಿಯರನ್ನು ತಪಾಸಣೆಗೆ ಕರೆದೊಯ್ಯಬೇಕು, ಕೆಮ್ಮುವವರ ಕಫ ಪರೀಕ್ಷೆ ಮಾಡಿಸಬೇಕು. ಕೇರಿಯವರು ತಡವಾಗಿ ಬಂದರೆ ಡಾಕ್ಟರು ಬೈಯುವುದು ಇವಳಿಗೆ, ಡಾಕ್ಟರು ಕಾಯಿಸಿದರೆ ಕೇರಿಯವರು ಬೈಯುವುದೂ ಇವಳಿಗೇ. ಎರಡನ್ನೂ ನಗುತ್ತಲೇ ಕೇಳಿಸಿಕೊಳ್ಳುತ್ತಿದ್ದಳು.

ಈ ಕೆಲಸ ಕಲಿಸಿದವರು ರಾಜಧಾನಿ ಸೋಫಿಯಾದ ಡಾಕ್ಟರ್ ವಿಲಿಯಾನಾ. ದೇಶದೇಶಗಳ ಡಾಕ್ಟರು, ಮೇಷ್ಟ್ರುಗಳು ಸೇರಿ ಇಂಟರ್ನೆಟ್ಟಿನಲ್ಲಿ ಆರೋಗ್ಯದ ಪಾಠಗಳನ್ನು ತಯಾರಿಸುವ ಒಂದು ಬಳಗಕ್ಕೆ ಮಿಂಕಾಳನ್ನು ಸೇರಿಸಿದವರೂ ಅವರೇ. ಅಲ್ಲಿ ಹಾಕಿದ ಪಾಠವನ್ನು ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು, ತಮ್ಮ ಭಾಷೆಗೆ ತಂದುಕೊಳ್ಳಬಹುದು, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಕೀನ್ಯಾದ ಮೇಷ್ಟ್ರು ಬರೆದ ನೀರಿನ ಪಾಠ ಮಿಂಕಾಳ ಕೇರಿಗೆ ಬಂತು. ಇವಳು ಬರೆದ ದಡಾರದ ಪಾಠ ಪೋರ್ಚುಗಲ್ಲಿಗೆ ಹೋಯಿತು. ಹೆಚ್ಚು ಓದದ ತನ್ನ ಮಾತು ಅಷ್ಟು ದೂರ ಹೋಗುತ್ತದಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಆಮೇಲೆ ಕ್ಷಯದ ಪಾಠ ಮಾಡುವ ಸರದಿ ಬಂತು. ಬರೆದ ಚಿತ್ರಗಳನ್ನು ಕೇರಿಯವರು ನೋಡುವುದಿಲ್ಲ, ನಿಜವಾದ ಮುಖ ಬೇಕು ಎಂದಳು ಮಿಂಕಾ. ಅವಳಿಗೆ ನೆನಪಾದದ್ದು ಪಕ್ಕದ ಮನೆಯ ಸೆವ್ದಾ. ಮಾರುಕಟ್ಟೆಯ ಬಾಗಿಲಲ್ಲಿ ಹುರಿದ ಸೂರ್ಯಕಾಂತಿ ಬೀಜ ಮಾರುವ ಹೆಂಗಸು. ಕ್ಷಯ ಬಂದು, ಆರು ತಿಂಗಳು ಬಿಡದೆ ಮಾತ್ರೆ ನುಂಗಿ, ಪೂರ್ತಿ ವಾಸಿಯಾದವಳು. ಮಾತ್ರೆಯ ದಿನಗಳಲ್ಲಿ ಪ್ರತಿ ಬೆಳಿಗ್ಗೆ ಎದುರಿಗೆ ಕೂತು ನುಂಗಿಸಿದವಳು ಮಿಂಕಾಳೇ.

"ನನ್ನ ಮೂತಿ ಯಾರು ನೋಡ್ತಾರೆ ಕಣೇ?" ಅಂದಳು ಸೆವ್ದಾ.

"ನಮ್ಮಂಥೋರು ನೋಡ್ತಾರೆ ಸೆವ್ದಕ್ಕಾ. ಈ ಕಾಯಿಲೆ ಬಂದ್ರೆ ಸಾಯಲ್ಲ, ಮಾತ್ರೆ ತಗೊಂಡ್ರೆ ಕುಣಿದಾಡ್ಬಹುದು ಅಂತ ಗೊತ್ತಾಗ್ಲಿ. ಬರೀ ಪಾಠಕ್ಕೆ. ಬೇರೆ ಯಾತಕ್ಕೂ ಅಲ್ಲ."

"ನಿನ್ನ ಮಾತಿನ ಮೇಲೆ ಒಪ್ಪಿದೀನಿ ನೋಡು. ತಾಳು, ಓಲೆ ಹಾಕ್ಕೊಂಡು ಬರ್ತೀನಿ."

"ಕೆಮ್ಮೋ ಫೋಟೋಗೂ ಓಲೆ ಬೇಕಾ?"

"ಕೆಮ್ಮಿದ್ರೇನು, ಹೆಂಗಸಲ್ವಾ ನಾನು?"

ಹಾಗೆ ಸಾಲಾಗಿ ಫೋಟೋ ತೆಗೆದದ್ದಾಯಿತು. ಕರವಸ್ತ್ರ ಹಿಡಿದು ಕೆಮ್ಮುವ ಸೆವ್ದಾ, ಮಾತ್ರೆ ನುಂಗುವ ಸೆವ್ದಾ, ಕೊನೆಗೆ ಅಂಗಳದಲ್ಲಿ ಕೈಯೆತ್ತಿ ಕುಣಿಯುವ ಸೆವ್ದಾ. ಆ ದಿನ ವಿಲಿಯಾನಾ ಕೂಡ ಬಂದಿದ್ದರು. ಸೆವ್ದಾಳ ಅಡುಗೆಮನೆಯಲ್ಲಿ ಕೂತು ಅನ್ನ ತುಂಬಿಸಿ ಬೇಯಿಸಿದ ದೊಣ್ಣೆ ಮೆಣಸಿನಕಾಯಿ ತಿಂದು, ಇನ್ನೊಂದು ಹಾಕಿಸಿಕೊಂಡರು. ಫೋಟೋಗಳನ್ನು ಬಳಗಕ್ಕೆ ಏರಿಸುವಾಗ ಒಪ್ಪಿಗೆಯ ಗುಂಡಿ ಒತ್ತಿದ್ದು ಮಾತ್ರ ಮಿಂಕಾ.

ಪಾಠ ಓಡಿತು. ಕೀನ್ಯಾದ ಮೇಷ್ಟ್ರು ತಮ್ಮ ಶಾಲೆಯ ಹುಡುಗಿಯರು ಅವಳನ್ನು 'ಮಾಮಾ ಸೆವ್ದಾ', ಅಂದರೆ ಸೆವ್ದಮ್ಮ, ಅನ್ನುತ್ತಾರೆಂದು ಬರೆದರು. ಮಿಂಕಾ ಅದನ್ನು ಓದಿ ಹೇಳಿದ ಮೇಲೆ ಬೀಜ ಕೊಳ್ಳಲು ಬಂದವರಿಗೆಲ್ಲ ಸೆವ್ದಾ ಆಫ್ರಿಕಾದ ಸುದ್ದಿ ಹೇಳತೊಡಗಿದಳು.

ಮರುವರ್ಷ ವಸಂತದಲ್ಲಿ ಒಂದು ಬೆಳಿಗ್ಗೆ ಮಿಂಕಾ ಬಸ್ಸಿಗೆ ಕಾಯುತ್ತಿದ್ದಳು. ಮುಂದೆ ಹಾದುಹೋದ ಬಸ್ಸಿನ ಹಿಂಬದಿಯ ತುಂಬ ಸೆವ್ದಾ ಇದ್ದಳು. ಕೆಮ್ಮುವ ಸೆವ್ದಾ, ಅದೊಂದೇ. ಬಣ್ಣ ತೆಗೆದು ಮುಖ ಕಪ್ಪಗೆ ಮಾಡಿದ್ದರು. ಓಲೆ ಮಾತ್ರ ಹೊಳೆಯುತ್ತಿತ್ತು. ಕೆಳಗೆ ಕೆಂಪಕ್ಷರ: 'ಕ್ಷಯ ನಿಮ್ಮ ಪಕ್ಕದಲ್ಲೇ ಕೂತಿರಬಹುದು.' ಮೂಲೆಯಲ್ಲಿ ವಿಲಿಯಾನಾ ನಡೆಸುವ ಸಂಸ್ಥೆಯ ಗುರುತು.

ಡಾಕ್ಟರಿಗೆ ಗೊತ್ತಿಲ್ಲದೆ ಯಾರೋ ಮಾಡಿರಬೇಕು ಎಂದುಕೊಂಡು, ಮಿಂಕಾ ಅಲ್ಲೇ ನಿಂತು ಅವರಿಗೆ ಫೋನ್ ಮಾಡಿದಳು.

"ನಾನೇ ಆರಿಸಿದ್ದು ಮಿಂಕಾ," ಅಂದರು ವಿಲಿಯಾನಾ. "ಎಷ್ಟು ಎದೆಗೆ ನಾಟೋ ಚಿತ್ರ ಅದು. ಜನ ತಿರುಗಿ ನೋಡ್ತಿದಾರೆ."

"ಡಾಕ್ಟ್ರೇ, ಅವಳು ವಾಸಿಯಾಗಿದಾಳೆ. ನೀವೇ ನೋಡಿದೀರಲ್ಲ."

"ಅದು ಪೋಸ್ಟರ್ ಕಣಮ್ಮ, ಅವಳ ಕಥೆ ಅಲ್ಲ. ಯಾರು ಬೇಕಾದ್ರೂ ತಿದ್ಬಹುದು ಅಂತ ಒಪ್ಪಿದ್ದು ನೀನೇ ತಾನೇ? ನಿಯಮ ಮೀರಿ ನಾನೇನೂ ಮಾಡಿಲ್ಲ."

"ಅವಳ ಮನೇಲಿ ಊಟ ಮಾಡಿದ್ರಿ."

"ನಂಗೀಗ ಮೀಟಿಂಗ್ ಇದೆ," ಅಂದರು ವಿಲಿಯಾನಾ.

ಮಿಂಕಾ ಕೇರಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ಕೊಂಡ ಬೀಜವನ್ನು ಸೆವ್ದಾಳ ಕಣ್ಣೆದುರೇ ಕಸದ ಬುಟ್ಟಿಗೆ ಸುರಿದು ಹೋಗಿದ್ದಳು. ಸೆವ್ದಾ ಅರ್ಧ ದಿನಕ್ಕೇ ಮೂಟೆ ಕಟ್ಟಿಕೊಂಡು ಬಂದು ಮಿಂಕಾಳ ಅಂಗಳದಲ್ಲಿ ನಿಂತಿದ್ದಳು. ಕೂತುಕೋ ಅಂದರೂ ಕೂರಲಿಲ್ಲ.

"ಅವರು ಯಾರೋ ಹೊರಗಿನವರು, ಮಾಡ್ತಾರೆ," ಅಂದಳು. "ನಾನು ಮುಖ ಕೊಟ್ಟಿದ್ದು ಅವರಿಗಲ್ಲ. ನಿಂಗೆ."

"ನಂಗೆ ಗೊತ್ತಿರ್ಲಿಲ್ಲ ಅಕ್ಕಾ."

"ಯಾರು ಏನು ಬೇಕಾದ್ರೂ ಮಾಡ್ಕೋಬಹುದು ಅನ್ನೋದು ಗೊತ್ತಿತ್ತಾ ಇಲ್ವಾ? ಅದನ್ನ ಹೇಳು."

ಗೊತ್ತಿತ್ತು. ಅದೇ ಆ ಬಳಗದ ದೊಡ್ಡ ಗುಣ ಎಂದು ಮಿಂಕಾ ಎಷ್ಟೋ ಜನರಿಗೆ ಹೊಗಳಿ ಹೇಳಿದ್ದಳು. ಸೆವ್ದಾಳಿಗೆ ಮಾತ್ರ ಹೇಳಿರಲಿಲ್ಲ. ಒಳ್ಳೆಯವರೇ ಇರುವ ಜಾಗ, ಹೇಳುವಂಥದ್ದೇನಿದೆ ಅಂದುಕೊಂಡಿದ್ದಳು. ಅವಳು ತಲೆ ತಗ್ಗಿಸಿದ್ದನ್ನು ನೋಡಿ ಸೆವ್ದಾ ಮೂಟೆಯೆತ್ತಿಕೊಂಡು ಹೊರಟುಹೋದಳು.

ಮಿಂಕಾ ನಡೆದದ್ದನ್ನೆಲ್ಲ ಬಳಗಕ್ಕೆ ಬರೆದಳು. ಕೀನ್ಯಾದ ಮೇಷ್ಟ್ರು ಅಂದೇ ತಮ್ಮ ಪಾಠದಿಂದ ಫೋಟೋ ತೆಗೆದು, ಸೆವ್ದಾಳಿಗೆ ಕ್ಷಮೆ ಕೇಳಿ ಬರೆದರು. ಇನ್ನು ಕೆಲವರು, ಒಮ್ಮೆ ಕೊಟ್ಟದ್ದನ್ನು ವಾಪಸು ಕೇಳಿದರೆ ಇಡೀ ಬಳಗವೇ ಉಳಿಯುವುದಿಲ್ಲ ಎಂದು ವಾದಿಸಿದರು. ವಿಲಿಯಾನಾ ಒಂದಕ್ಷರವನ್ನೂ ಬರೆಯಲಿಲ್ಲ. ಜಾಹೀರಾತಿನ ಅವಧಿ ಮುಗಿದ ಮೇಲೆ ಪೋಸ್ಟರು ತಾನಾಗಿ ಬಸ್ಸಿನಿಂದ ಇಳಿಯಿತು. ಅಷ್ಟರಲ್ಲಿ ಅದೇ ಚಿತ್ರ ಮತ್ತೆಲ್ಲೆಲ್ಲಿಗೋ ಹೋಗಿತ್ತು. ಇಂಟರ್ನೆಟ್ಟಿನಲ್ಲಿ, ಬೇರೊಂದು ದೇಶದ ಪೋಸ್ಟರಿನ ಮೇಲೆ ಮಿಂಕಾ ಅದನ್ನು ಮತ್ತೆ ಕಂಡಳು. ಕೆಳಗೆ ಬರೆದದ್ದು ಅವಳಿಗೆ ಓದಲು ಬರದ ಲಿಪಿ. ಆ ಸಂಜೆಯೇ ಬಳಗ ಬಿಟ್ಟಳು.

ಸೆವ್ದಾ ವ್ಯಾಪಾರವನ್ನು ಯಾಂಬೊಲ್ ಊರಿಗೆ ಸಾಗಿಸಿಕೊಂಡಳು. ಬೆಳಗಿನ ರೈಲಿಗೆ ಹೋಗಿ ಕತ್ತಲಾಗುವಾಗ ಬರುತ್ತಾಳೆ. ಎರಡು ಮನೆಗಳ ನಡುವೆ ಬಟ್ಟೆ ಒಣಗಿಸುವ ಹಗ್ಗ ಒಂದೇ ಇತ್ತು. ಅವಳ ಸೊಸೆ ಅದನ್ನು ಬಿಚ್ಚಿ ಬೇರೆ ಕಡೆ ಕಟ್ಟಿದಳು.

ಕೇರಿಯಲ್ಲಿ ಮಿಂಕಾಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲು ತಟ್ಟಿದರೆ ಒಳಗೆ ಟೀವಿಯ ದನಿ ತಗ್ಗುತ್ತಿತ್ತು, ಯಾರೂ ಎದ್ದು ಬರುತ್ತಿರಲಿಲ್ಲ. ಚುಚ್ಚುಮದ್ದಿಗೆ ಬರುವ ತಾಯಂದಿರು ಕಡಿಮೆಯಾದರು. ಚಳಿಗಾಲದ ಹೊತ್ತಿಗೆ ಗುಜರಿ ಆಯುವ ಆಸ್ಪರೂಹನಿಗೆ ಕೆಮ್ಮು ಹತ್ತಿತು. ಅವನ ಕೆಮ್ಮು ಬೀದಿಯ ತುದಿಗೂ ಕೇಳುತ್ತಿತ್ತು. ಮಿಂಕಾ ದಿನವೂ ಹೋಗಿ ಕರೆದಳು. ಅವನು ಕಿಟಕಿಯಿಂದಲೇ ಬೇಡ ಅನ್ನುತ್ತಿದ್ದ. ಒಂದು ದಿನ ಕಿಟಕಿ ತೆರೆದು ಕೇಳಿದ:

"ಬರ್ತೀನಿ. ಫೋನ್ ಇದ್ಯಾ ನಿನ್ನ ಹತ್ರ?"

"ಇದೆ."

"ಮನೇಲಿಟ್ಟು ಬಾ. ಚೀಲಾನೂ ತೋರಿಸ್ಬೇಕು."

ಮಿಂಕಾ ಮನೆಗೆ ಹೋಗಿ ಫೋನನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಬಂದಳು. ಚೀಲದ ಬಾಯಿ ಬಿಚ್ಚಿ ಅವನ ಮುಂದೆ ಹಿಡಿದಳು. ಅವನು ಕೈ ಹಾಕಿ ತಳದವರೆಗೂ ತಡಕಿ ನೋಡಿದ. ಆಮೇಲೆ ಕೋಟು ಹಾಕಿಕೊಂಡು ಅವಳಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದ. ಹಳಿ ದಾಟಿ ಆಸ್ಪತ್ರೆ ಮುಟ್ಟುವವರೆಗೂ ಆ ನಾಲ್ಕು ಹೆಜ್ಜೆ ಕಡಿಮೆಯಾಗಲಿಲ್ಲ.