ತಿಪ್ಪವ್ವನ ಜಡೆ

ರವಿವಾರ ಬೆಳಿಗ್ಗೆ ನನ್ನ ಮಗಳು ಶೋಭಾ ನನ್ನ ಕೈಯಿಂದ ತಲೆ ಹಿಕ್ಕಿಸಿಕೊಳ್ಳುವುದಿಲ್ಲ. ವಾರದ ಉಳಿದ ದಿನ ಸಾಲಿಗೆ ಹೊತ್ತಾದೀತೆಂಬ ಭಯಕ್ಕೆ ಹೇಗೋ ನನ್ನ ಮುಂದೆ ಕೂಡುತ್ತಾಳೆ. ರವಿವಾರ ಮಾತ್ರ ಕೂದಲು ಬಿಚ್ಚಿಕೊಂಡು, ಹಣಿಗೆಯನ್ನೂ ಎರಡು ಕೆಂಪು ರಿಬ್ಬನ್ನುಗಳನ್ನೂ ಮಡಿಲಲ್ಲಿಟ್ಟುಕೊಂಡು, ಬಾಗಿಲ ಮುಂದಿನ ಪರಸಿಕಲ್ಲಿನ ಮೇಲೆ ಕುಳಿತು, ವಾಡಿಯ ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿಯ ಸಪ್ಪಳಕ್ಕೆ ಕಿವಿಗೊಟ್ಟಿರುತ್ತಾಳೆ. ಆ ಗಾಡಿಯಲ್ಲಿ ಅವಳ ಮಾಮಾ ಬರುತ್ತಾನೆ. ಮಾಮಾ ಎಂದರೆ ನನ್ನ ತಮ್ಮ ತಿಪ್ಪಣ್ಣ. ವಾಡಿಯಲ್ಲಿ ರೈಲಿನ ಮಾಲು ಇಳಿಸುವ ಕಡೆ ಗುಮಾಸ್ತ. ಮೀಸೆ ಎರಡೂ ಕಡೆ ಗಲ್ಲದವರೆಗೆ ಇಳಿದಿದೆ; ದನಿಯಂತೂ ಎಂಜಿನ್ನಿನ ಸದ್ದನ್ನು ದಾಟಿ ಕೇಳಿಸುವಂಥದ್ದು. ಇಂಥವನು ಬಂದು, ಚಹಾ ಕೂಡ ಮುಟ್ಟದೆ, ಮಗುವಿನ ಹಿಂದೆ ಚಕ್ಕಳಮಕ್ಕಳ ಹಾಕಿ ಕುಳಿತು ಐದೆಳೆಯ ಜಡೆ ಹೆಣೆಯುತ್ತಾನೆ. ನನಗೆ ಬರುವುದು ಮೂರೆಳೆಯದು ಮಾತ್ರ.

ಹೊಟ್ಟೆಕಿಚ್ಚಿಗೆ ಹೊಗೆ ಇಲ್ಲದಿರುವುದು ಸಂಸಾರಸ್ಥರ ಪುಣ್ಯವೆಂದೇ ಹೇಳಬೇಕು. ಇದ್ದಿದ್ದರೆ ಸೇಡಮ್ಮಿನ ನಮ್ಮ ಓಣಿಯವರು ರವಿವಾರಕ್ಕೊಮ್ಮೆ ನೀರಿನ ಕೊಡ ಹೊತ್ತುಕೊಂಡು ನಮ್ಮ ಮನೆಗೆ ಓಡಿ ಬರಬೇಕಾಗುತ್ತಿತ್ತು. ಮನುಷ್ಯನಿಗೆ ಆರು ವೈರಿಗಳೆಂದು ಹಿರಿಯರು ಲೆಕ್ಕ ಹಾಕುವಾಗ ಮಾತ್ಸರ್ಯವನ್ನು ಕೊನೆಗೆ ಕೂಡಿಸಿದ್ದಾರೆ. ಕೊನೆಯ ಕೂಸೆಂಬ ಮಮತೆಯಿಂದಲೋ ಏನೋ, ನಾನು ಅದನ್ನೇ ಉಳಿದ ಐದಕ್ಕಿಂತ ಹೆಚ್ಚು ಮುದ್ದಿನಿಂದ ಸಾಕಿದ್ದೇನೆ. ಅದೂ ಇವತ್ತು ನಿನ್ನೆಯದಲ್ಲ. ನನ್ನ ತಮ್ಮನ ತಲೆಯ ಮೇಲೆ ಹುಟ್ಟಿ, ಈಗ ಅವನ ಬೆರಳುಗಳಿಗೆ ಬಂದು ನಿಂತಿದೆ.

ಗಂಡಸಿಗೆ ಜಡೆಯ ವಿದ್ಯೆ ಎಲ್ಲಿಂದ ಬಂತು ಎಂದು ನೀವು ಕೇಳುವುದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಅವನು ಆರು ವರ್ಷದವನಾಗುವವರೆಗೆ ಗಂಡಸಾಗಿರಲಿಲ್ಲ.

ಚಿತ್ತಾಪುರದ ಹತ್ತಿರ ನಮ್ಮದು ಹತ್ತೆಂಟು ಎಕರೆಯ ಒಕ್ಕಲುತನದ ಮನೆ. ನಾನು ಹುಟ್ಟುವ ಮೊದಲು ಅವ್ವನಿಗೆ ಎರಡು ಗಂಡುಕೂಸುಗಳು ಆಗಿ ಹೋಗಿದ್ದವು. ನಾನು ಉಳಿದೆ. ಆಮೇಲೆ ಮತ್ತೆ ಗಂಡು ಹುಟ್ಟಿದಾಗ ಆಯಿ, ಅಂದರೆ ನಮ್ಮ ಅಪ್ಪನ ತಾಯಿ, ಮೊದಲಿನೆರಡನ್ನೂ ಊರವರ ನೆದರೇ ತಿಂದಿತೆಂದು ತೀರ್ಮಾನಿಸಿ, ಈ ಸಲ ಊರಿನ ಕಣ್ಣಿಗೇ ಮಣ್ಣೆರಚಲು ಸಿದ್ಧಳಾದಳು. ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಟ್ಟು, ಯಾರಿಗೂ ಬೇಡವಾದದ್ದನ್ನು ಎತ್ತಿಕೊಂಡು ಬಂದವಳಂತೆ ಎತ್ತಿ ತಂದಳು. ಹೆಸರು ತಿಪ್ಪಣ್ಣ. ಆದರೆ ಆ ಹೆಸರನ್ನು ತೊಟ್ಟಿಲ ದಿನ ಕಿವಿಯಲ್ಲಿ ಹೇಳಿದ್ದೇ ಸೈ, ಕರೆಯುವುದಕ್ಕೆ ತಿಪ್ಪವ್ವ. ಮೂಗು ಚುಚ್ಚಿಸಿ ಮೂಗುತಿ, ಕೈಗೆ ಹಸಿರು ಬಳೆ, ನಡೆಯಲು ಬಂದ ಮೇಲೆ ಜರಿಯಂಚಿನ ಪರಕಾರ, ಅದರ ಮೇಲೆ ಪೋಲಕ. ಕೂದಲಿಗೆ ಕತ್ತರಿ ತಾಗಿಸುವಂತಿಲ್ಲ. ಸಾಲಿಗೆ ಹಾಕುವ ವರ್ಷ ನಾಲವಾರದ ಮಠಕ್ಕೆ ಕರೆದೊಯ್ದು ಜವಳ, ಅಂದರೆ ಹುಟ್ಟುಗೂದಲು, ತೆಗೆಸುತ್ತೇನೆಂದು ಆಯಿ ಹರಕೆ ಹೊತ್ತಿದ್ದಳು.

ಆ ಕೂದಲು ಬೆಳೆದದ್ದಾದರೂ ಹೇಗೆ ಅಂತೀರಿ! ಮಳೆಯಾದ ಮೇಲಿನ ತೊಗರಿಯ ಹಾಗೆ. ಐದನೆಯ ವರ್ಷಕ್ಕೆ ಸೊಂಟ ಮುಟ್ಟಿತು. ಮುಂಜಾನೆ ದನಕ್ಕೆ ನೀರು ತೋರಿಸಿ ಬಂದವಳೇ ಆಯಿ ಬಿಸಿಲಿಗೆ ಕುಳಿತು, ತಿಪ್ಪವ್ವನನ್ನು ಎರಡು ಮೊಣಕಾಲ ನಡುವೆ ಒತ್ತಿ ಹಿಡಿದು, ಕೊಬ್ಬರಿ ಎಣ್ಣೆ ತಿಕ್ಕಿ, ಎಳೆ ಎಳೆ ಬಿಡಿಸಿ, ಬೈತಲೆ ತೆಗೆದು, ಸಂಪಿಗೆಯೋ ಸೇವಂತಿಗೆಯೋ ಸಿಕ್ಕಿದ್ದನ್ನು ಮುಡಿಸುತ್ತಿದ್ದಳು. ನಮ್ಮ ಕಡೆ ಆಗ ಕೊಬ್ಬರಿ ಎಣ್ಣೆ ಅಪರೂಪದ್ದು. ನನಗೆ ಅವಳ ಅಂಗೈಗೆ ಮೆತ್ತಿ ಉಳಿದದ್ದು. ಅದೂ ಅವಳು ತನ್ನ ಮೊಣಕೈಗೆ ಒರೆಸಿಕೊಳ್ಳುವುದರೊಳಗೆ ನಾನು ತಲೆ ಒಡ್ಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಸಾಲಿಯಿಂದ ಹೇನು ತಂದೆನೆಂದು ನನ್ನ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿಬಿಟ್ಟರು. ಮನೆಯಲ್ಲಿ ಇದ್ದೊಬ್ಬ ಹೆಣ್ಣುಮಗಳಿಗೆ ಕ್ರಾಪು, ಇದ್ದೊಬ್ಬ ಗಂಡುಮಗನಿಗೆ ಹೆರಳು!

ಬಂದವರಿಗೆಲ್ಲ ಗೊಂದಲ. ಒಮ್ಮೆ ಕಾಳಗಿಯಿಂದ ಎತ್ತು ನೋಡಲು ಬಂದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ನನ್ನನ್ನೇ ದಿಟ್ಟಿಸಿ, "ಮಗ ಚಲೋ ಬೆಳದಾನ ಬಿಡ್ರಿ, ಕಣ್ಣಾಗ ಖಬರದಾರಿ ಅದ. ಮಗಳೂ ಲಕ್ಷಣ ಇದ್ದಾಳ, ಆದ್ರ ಅಳಬುರುಕಿ" ಎಂದರು. ಅವ್ವ ತಿದ್ದಲು ಬಾಯಿ ತೆರೆದಳು. ಆಯಿ ಕಣ್ಣಲ್ಲೇ ಮುಚ್ಚಿಸಿದಳು. ಅವರು ಹೋದ ಮೇಲೆ ಉಪ್ಪು, ಮೆಣಸಿನಕಾಯಿ ಹಿಡಿದು ನೆದರು ತೆಗೆದದ್ದು ಮಾತ್ರ ತಿಪ್ಪವ್ವನಿಗೆ. ಹೊಗಳಿಸಿಕೊಂಡವಳು ನಾನು, ಇಳಿ ತೆಗೆಸಿಕೊಂಡವನು ಅವನು. ನಾನು ಸಿಟ್ಟಿನಿಂದ, "ಆಯಿ, ಅವರ ನೆದರು ನಂಗ ಬಿದ್ದಾದ, ನಂಗೂ ತೆಗಿ" ಅಂದೆ.

ಆಯಿ ನಕ್ಕು ನನ್ನ ಕಿವಿ ಹಿಂಡಿದಳು. "ಹುಚ್ಚಿ, ಹೆಣ್ಣಿಗಿ ಯಾರ ನೆದರು ತಾಗ್ತದ? ನಿಂಗೇನೂ ಆಗಂಗಿಲ್ಲ, ಹೋಗು."

ಇದನ್ನು ಅವಳು ಆಶೀರ್ವಾದದ ಹಾಗೆಯೇ ಹೇಳಿದಳು. ನಾನೂ ಹಾಗೆಯೇ ತೆಗೆದುಕೊಂಡು, ಕವಚ ತೊಟ್ಟವಳಂತೆ ಬೀಗಿ ಎರಡು ದಿನ ಹುಣಸೆಮರದ ತುದಿಗೆ ಹತ್ತಿಳಿದೆ. ಯಾರೂ ಹೊಟ್ಟೆಕಿಚ್ಚು ಪಡದ ವಸ್ತುವೆಂದೇ ನನ್ನ ಉಡುಪನ್ನು ತಮ್ಮನಿಗೆ ಕವಚವಾಗಿ ತೊಡಿಸಿದ್ದಾರೆಂದು ಹೊಳೆಯುವುದಕ್ಕೆ ಬಹಳ ವರ್ಷ ಬೇಕಾದವು. ಇಡೀ ಊರಿನ ಕಣ್ಣಿಗೆ ಅಂಜಿ ಇಷ್ಟೆಲ್ಲ ಏರ್ಪಾಡು ಮಾಡಿದ ಆಯಿಗೆ, ಊರಿನ ಎಲ್ಲ ಕಣ್ಣುಗಳನ್ನು ಕೂಡಿಸಿದರೂ ಸಮವಾಗದ ಒಂದು ಜೋಡಿ ಕಣ್ಣು ಅವನ ಪಕ್ಕದಲ್ಲೇ, ಒಂದೇ ಕೌದಿಯೊಳಗೆ, ಅವನ ಹೆರಳನ್ನು ನೋಡುತ್ತ ಮಲಗುತ್ತದೆಂಬುದು ಮಾತ್ರ ಹೊಳೆಯಲೇ ಇಲ್ಲ. ನನಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಆಯಿಯ ಎರಡು ಮೊಣಕಾಲ ನಡುವಿನ ಜಾಗ. ಅಲ್ಲಿ ಕುಳಿತು ನನ್ನ ತಲೆಯೂ ಒಮ್ಮೆ ಹಾಗೆ ಸಾವಕಾಶವಾಗಿ ಹಿಕ್ಕಿಸಿಕೊಳ್ಳಬೇಕು, ಅಷ್ಟೆ.

ಆದ್ದರಿಂದ ಜವಳದ ದಿನ ಗೊತ್ತಾದಾಗ ಮನೆಯಲ್ಲಿ ನನ್ನಷ್ಟು ಹಿಗ್ಗಿದವರು ಯಾರೂ ಇರಲಿಲ್ಲ. ಚಿತ್ತಾಪುರದಲ್ಲಿ ಗಾಡಿ ಹತ್ತಿ, ವಾಡಿಯಲ್ಲಿ ಬದಲಿಸಿ, ಎಲ್ಲರೂ ನಾಲವಾರಕ್ಕೆ ಹೋದೆವು. ಪದ್ಧತಿಯಂತೆ ಸೋದರಮಾವನ ತೊಡೆಯ ಮೇಲೆ ತಿಪ್ಪವ್ವನನ್ನು ಕೂಡಿಸಿದರು. ಮೊದಲ ಎಳೆ ಕತ್ತರಿಸುತ್ತಿದ್ದಂತೆ ಅವನು ಚೀರಿದ ಚೀರು ಈಗಲೂ ಕಿವಿಯಲ್ಲಿದೆ. "ಮಾಮಾ ಬ್ಯಾಡೋ, ನನ ಜಡಿ! ಅಕ್ಕಂದು ಕತ್ತರಸ್ರಿ, ಅಕ್ಕಗ ಬ್ಯಾಡಾಗ್ಯಾದ!"

"ಅಳಬಾರದಪ್ಪ, ಗಂಡಸ ಅದಿ ನೀ" ಎಂದ ಮಾವ.

ಅವನು ಅಳು ನಿಲ್ಲಿಸಿ, ಆ ಗಂಡಸು ಯಾರೆಂದು ತಿರುಗಿ ಹಿಂದೆ ನೋಡಿದ.

ಎಲ್ಲರೂ ನಕ್ಕರು; ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಬಳೆ ಬಿಚ್ಚಿದರು, ಮೂಗುತಿ ತೆಗೆದರು, ಪರಕಾರ ಕಳಚಿ ಹೊಸ ಚಡ್ಡಿ ಅಂಗಿ ತೊಡಿಸಿದರು. ಹೋಗುವಾಗ ತಿಪ್ಪವ್ವನಾಗಿ ಹೋದವನು ಬರುವಾಗ ತಿಪ್ಪಣ್ಣನಾಗಿ ಬಂದ. ಹೆಣ್ಣಾಗಿ ಕೂಡುವುದು, ಏಳುವುದು, ನಗೆ ಮುಚ್ಚಿಕೊಳ್ಳುವುದು ಇವನ್ನೆಲ್ಲ ನನಗೆ ಹುಟ್ಟಿದಾಗಿನಿಂದ ಹನಿ ಹನಿಯಾಗಿ ಕುಡಿಸಿದ್ದರು. ಗಂಡಾಗುವುದನ್ನು ಅವನಿಗೆ ಒಂದೇ ಗುಟುಕಿನಲ್ಲಿ ಕುಡಿಸಿದರು. ಕಾಲು ಮಡಚಿ ಕೂಡಬೇಡ, ಅವ್ವನ ಸೆರಗು ಹಿಡಿಯಬೇಡ, ಒಲೆಯ ಹತ್ತಿರ ಸುಳಿಯಬೇಡ. ವಾರಗಟ್ಟಲೆ, "ತಿಪ್ಪಣ್ಣಾ" ಎಂದು ಅಪ್ಪ ಕರೆದರೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ನಿದ್ದೆಗಣ್ಣಲ್ಲಿ ಎದ್ದು, ಇಲ್ಲದ ಜಡೆಯನ್ನು ಬೆನ್ನಿನಿಂದ ಮುಂದಕ್ಕೆ ಹಾಕಿಕೊಳ್ಳಲು ಕೈ ಹಿಂದೆ ಒಯ್ಯುತ್ತಿದ್ದ.

ನನ್ನ ಕೂದಲು ಹೆಗಲಿಗೆ ಬಂದ ದಿನ ಹಣಿಗೆ ಹಿಡಿದು ಆಯಿಯ ಮುಂದೆ ಹೋಗಿ ಕುಳಿತೆ. ಜಾಗ ಖಾಲಿಯಿತ್ತು, ಸಿಕ್ಕಿತು. ಆದರೆ ಅದು ಆ ಜಾಗವಾಗಿರಲಿಲ್ಲ. ಆಯಿ ಓಡಿಹೋಗುವ ಕರುವನ್ನು ಗೂಟಕ್ಕೆ ಬಿಗಿಯುವ ಹಾಗೆ ಎರಡು ಗಂಟು ಬಿಗಿದು, "ಹೂಂ ಏಳು, ಕಸ ಹಾಂಗೇ ಬಿದ್ದಾದ" ಅಂದಳು. ಹರಕೆಯ ತಲೆಗೆ ಇದ್ದ ವ್ಯವಧಾನ ಬರಿಯ ತಲೆಗೆ ಇರಲಿಲ್ಲ. ಕಂಬದ ಹಿಂದೆ ನಿಂತು ನೋಡುತ್ತಿದ್ದ ಬೋಳುತಲೆಯ ತಿಪ್ಪಣ್ಣ, "ಹಂಗಲ್ಲ ಆಯಿ, ಎಳಿ ಸಮಾ ಮಾಡ್ಬೇಕು" ಎಂದು ತಿದ್ದಿ, "ಗಂಡುಹುಡುಗಗ್ಯಾಕೋ ಇದರ ಉಸಾಬರಿ?" ಎಂದು ಬೈಸಿಕೊಂಡ.

ಆ ಮಧ್ಯಾಹ್ನ ಹಿತ್ತಲಿನ ಜೋಳದ ಕಣಕಿ ಬಣವೆಯ ಮರೆಯಲ್ಲಿ ಅವನೇ ನನ್ನ ತಲೆ ಹಿಕ್ಕಿದ. ತನ್ನ ತಲೆಯಲ್ಲಿ ವರ್ಷಗಟ್ಟಲೆ ಓಡಾಡಿದ ಆಯಿಯ ಬೆರಳುಗಳನ್ನು ಅವನ ನೆತ್ತಿ ನೆನಪಿಟ್ಟುಕೊಂಡಿತ್ತೋ ಏನೋ, ಅವೇ ಬೆರಳುಗಳು ನನ್ನ ತಲೆಗೆ ಇಳಿದವು. ಅಷ್ಟು ಸಾವಕಾಶವಾಗಿ, ಅಷ್ಟು ಹಗುರಾಗಿ ನನ್ನ ಕೂದಲನ್ನು ಅದಕ್ಕಿಂತ ಮೊದಲು ಯಾರೂ ಮುಟ್ಟಿರಲಿಲ್ಲ. ಕೆಲವು ಮಧ್ಯಾಹ್ನಗಳು ಹೀಗೆ ಸುಖವಾಗಿ ಕಳೆದವು. ಒಂದು ದಿನ ಕಣಕಿ ಸೇದಲು ಬಂದ ಆಯಿ ನೋಡಿಬಿಟ್ಟಳು. ಹೊಡೆಯಲಿಲ್ಲ. ಅಪ್ಪನಿಗೆ ಹೇಳಿ ಶಹಾಬಾದದ ಸಂತೆಯಿಂದ ಒಂದು ಬುಗುರಿ ತರಿಸಿ ಅವನ ಕೈಗಿತ್ತು, "ಹೋಗು, ಹುಡುಗರ ಕೂಡ ಹೊರಗ ಆಡು" ಎಂದು ಬೀದಿಗೆ ಬಿಟ್ಟಳು. ನನ್ನನ್ನು ಒಳಗೆ ಕರೆದಳು. ನನ್ನ ಹೊಟ್ಟೆಕಿಚ್ಚು ಅವತ್ತು ಜಡೆಯನ್ನು ಬಿಟ್ಟು ಬುಗುರಿಗೆ ಹಾರಿತು, ಬುಗುರಿಯಿಂದ ಬೀದಿಗೆ. ಅವನು ಮೊದಮೊದಲು ಹೊಸ್ತಿಲಲ್ಲೇ ಬುಗುರಿ ಆಡಿಸುತ್ತ ಒಳಗೆ ಇಣುಕುತ್ತಿದ್ದ. ಆಮೇಲೆ ಇಣುಕುವುದನ್ನು ಬಿಟ್ಟ. ಆಮೇಲೆ ಮೀಸೆ ಬಂತು.

ಎಲ್ಲ ಮರೆತಿದ್ದಾನೆಂದೇ ತಿಳಿದಿದ್ದೆ. ಅವನಿಗಿರುವ ಇಬ್ಬರೂ ಗಂಡುಮಕ್ಕಳೇ. ಎರಡು ವರ್ಷದ ಹಿಂದೆ ಯುಗಾದಿಯ ದಿನ ನಾನು ಹೋಳಿಗೆಯ ಹಂಚಿನ ಮುಂದೆ ಬೇಯುತ್ತಿದ್ದಾಗ ಶೋಭಾ ಹಣಿಗೆ ಹಿಡಿದು ಕಾಡತೊಡಗಿದಳು. ಹಬ್ಬಕ್ಕೆ ಬಂದಿದ್ದ ಇವನು ಹಣಿಗೆ ಇಸಿದುಕೊಂಡು ಅವಳ ಹಿಂದೆ ಕುಳಿತ. ಅವತ್ತಿನಿಂದ ಈ ರವಿವಾರಗಳು. ಐದೆಳೆಯದನ್ನು ಎಲ್ಲಿ ಕಲಿತನೆಂದು ಕೇಳಿದರೆ, "ಮಾಲಿನ ಹಗ್ಗ ಹೆಣೆದೂ ಹೆಣೆದೂ ಬಂತು" ಎನ್ನುತ್ತಾನೆ. ನಾನು ನಂಬುವುದಿಲ್ಲ.

ಮೊನ್ನೆಯ ರವಿವಾರ ಪಡಸಾಲೆಯಲ್ಲಿ ಜಡೆ ಅರ್ಧಕ್ಕೆ ಬಂದಿದ್ದಾಗ ಹೊರಗೆ ಸೈಕಲ್ಲು ನಿಂತ ಸಪ್ಪಳವಾಗಿ, "ತಿಪ್ಪಣ್ಣಾ, ಇದ್ದಿಯೇನೋ?" ಎಂಬ ದನಿ ಕೇಳಿತು. ಅವನ ಜೊತೆ ಕೆಲಸ ಮಾಡುವ ಮಹಬೂಬಸಾಬರು. ಸೇಡಮ್ಮಿಗೆ ತಂಗಿಯ ಮನೆಗೆ ಬಂದವರು, ಇವನೂ ಇಲ್ಲಿರುವುದು ತಿಳಿದು ಬಂದಿದ್ದರು. ತಿಪ್ಪಣ್ಣ ಬೆಂಕಿ ಮುಟ್ಟಿದವನಂತೆ ಜಡೆ ಬಿಟ್ಟ. ಹಣಿಗೆಯನ್ನು ನನ್ನ ಕೈಗೆ ತುರುಕಿ, ಎಣ್ಣೆಗೈಯನ್ನು ಧೋತರಕ್ಕೆ ಒರೆಸಿ, ಮೀಸೆ ಮುಟ್ಟಿ ನೋಡಿಕೊಂಡು, ಗೋಡೆಗೆ ಒರಗಿ ಎದೆಯುಬ್ಬಿಸಿ ಕುಳಿತ. ಬಾಗಿಲಲ್ಲಿ ಮಹಬೂಬಸಾಬರ ನೆರಳು ಬೀಳುವುದರೊಳಗೆ ಇಷ್ಟೂ ಆಗಿತ್ತು.

ಎರಡು ವರ್ಷದಿಂದ ನಾನು ಕಾಯ್ದ ಹಣಿಗೆ ನನ್ನ ಕೈಯಲ್ಲಿತ್ತು. ಮಗಳ ತಲೆ ನನ್ನ ಮುಂದಿತ್ತು, ಅರ್ಧ ಹೆಣೆದು. ನಾಲ್ಕು ಸುತ್ತು ಹೆಣೆದೆ. ಮುಂದೆ ಐದು ಎಳೆ ಬೆರಳಿಗೆ ಸಿಗಲಿಲ್ಲ. ತಮ್ಮನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ, ಅಂದು ಕಂಬದ ಹಿಂದೆ ಬೈಸಿಕೊಂಡು ನಿಂತವನ ಹಾಗೆ. ಪ್ರೀತಿಯಿಂದಲೋ ಹಳೆಯ ಕಿಚ್ಚಿನಿಂದಲೋ ಇವತ್ತಿಗೂ ನನಗೆ ಬಗೆಹರಿದಿಲ್ಲ, ಬಾಯಿಂದ ಮಾತು ಬಂದುಬಿಟ್ಟಿತು: "ಬರ್ರಿ ಅಣ್ಣಾವ್ರ, ಕುಂದ್ರಿ. ನಮ್ಮ ತಿಪ್ಪಣ್ಣ ಹುಡುಗಿಗಿ ಜಡಿ ಹಾಕ್ಲಿಕತ್ತಾನ, ಮುಗಿಸಿ ಮಾತಾಡ್ತಾನ." ಹಣಿಗೆಯನ್ನು ಅವನ ತೊಡೆಯ ಮೇಲಿಟ್ಟೆ.

ತಿಪ್ಪಣ್ಣನ ಮುಖ ಮೀಸೆಯವರೆಗೂ ಕೆಂಪಾಯಿತು. ಮಹಬೂಬಸಾಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಶೋಭಾಳ ಹಿಂದೆ ಬಗ್ಗಿ ಕಣ್ಣು ಕಿರಿದು ಮಾಡಿದರು.

"ಏ ತಿಪ್ಪಣ್ಣ, ಬೈತಲಿ ಸೊಟ್ಟ ಆಗ್ಯಾದಲ್ಲೋ. ಸರಿ ಆ ಕಡಿ. ನಮ್ಮ ಹುಡುಗ್ಯಾರಮ್ಮ ತೀರಿ ಹೋದಾಗಿಂದ ಮನ್ಯಾಗ ಮೂರೂ ಮಂದಿ ತಲಿ ನಾನೇ ಹಿಕ್ತೀನಿ, ನನಗ ಗೊತ್ತಾಗಂಗಿಲ್ಲೇನು?"

"ಸೊಟ್ಟ ನಾ ತೆಗದದ್ದಲ್ಲೋ, ನಮ್ಮಕ್ಕ ಈಗ ಕೈ ಹಾಕಿ ಕೆಡಸ್ಯಾಳ" ಎಂದ ನನ್ನ ತಮ್ಮ. ಎಷ್ಟು ಬೇಗ ಅವನಿಗೆ ದನಿ ಬಂತು ನೋಡಿ!

"ಚಾಚಾ, ಮುಂದಿನ ರವಿವಾರ ನೀವೂ ಬರ್ರಿ" ಎಂದಳು ಶೋಭಾ, ತಲೆ ಅಲ್ಲಾಡಿಸದೆ.

ನಾನು ಚಹಾಕ್ಕೆ ಇಡಲು ಒಳಗೆ ಹೋದೆ. ಒಲೆಯ ಮುಂದೆ ಕುಳಿತು ಹೊರಳಿ ನೋಡಿದರೆ, ಬಾಗಿಲ ಬೆಳಕಿನಲ್ಲಿ ಇಬ್ಬರು ಗಂಡಸರು ಒಂದು ಬೈತಲೆಯ ಮೇಲೆ ಬಗ್ಗಿ, ಎಣ್ಣೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಕರಾರು ಮಾಡುತ್ತಿದ್ದರು; ಮಗಳು ಕಣ್ಣು ಮುಚ್ಚಿ ಮಹಾರಾಣಿಯ ಹಾಗೆ ಕುಳಿತಿದ್ದಳು. ಬಹಳ ಹೊತ್ತು ಕಿವಿಗೊಟ್ಟು ಕುಳಿತೆ. ನನ್ನನ್ನು ಯಾರೂ ಕರೆಯಲಿಲ್ಲ.