ಊಟವಾದ ಇಪ್ಪತ್ತೈದನೇ ನಿಮಿಷ

ನಮ್ಮ ದೊಡ್ಡಪ್ಪ ವಾಚ್ ರಿಪೇರಿಯವರು. ಊಟಕ್ಕೆ ಕರೆದರೆ ಸಾಕು, ಅವರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. "ನೀವು ಶುರು ಮಾಡಿ, ಬಂದೆ" ಎನ್ನುವರು, ಬರುತ್ತಿರಲಿಲ್ಲ. ಬಂದರೂ ಎರಡು ತುತ್ತು ತಿಂದು ಗೋಡೆ ಗಡಿಯಾರವನ್ನೇ ನೋಡುತ್ತ ಕೂರುವರು. ಕಸುಬಿನ ಚಾಳಿ ಎಂದುಕೊಂಡೆವು. ಬೆಲ್ಟಿಗೆ ತಿಂಗಳಿಗೊಂದು ಹೊಸ ತೂತು ಬೀಳುತ್ತಿತ್ತು. ದೊಡ್ಡಮ್ಮ ತಮ್ಮ ಕೈರುಚಿಯನ್ನೇ ಅನುಮಾನಿಸಿದರು, ನಾನು ದೊಡ್ಡಪ್ಪನ ಸಿಗರೇಟನ್ನು ಬೈದೆ, ಡಾಕ್ಟರು ಗ್ಯಾಸ್ಟ್ರಿಕ್ ಎಂದರು. ಮಾತ್ರೆ ಆಯಿತು, ಎಂಡೋಸ್ಕೋಪಿಯೂ ಆಯಿತು, ಯಾರಿಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ಸರ್ಜನ್ ಒಬ್ಬರು, "ಊಟ ಆದಮೇಲೆ ಹೊಟ್ಟೆ ನೋಯುತ್ತಾ? ಎಷ್ಟು ಹೊತ್ತಿಗೆ?" ಎಂದು ಕೇಳಿದರು. "ಸರಿಯಾಗಿ ಇಪ್ಪತ್ತೈದು ನಿಮಿಷಕ್ಕೆ. ಅದಕ್ಕೇ ತಿನ್ನೋಕೆ ಭಯ" ಎಂದರು ದೊಡ್ಡಪ್ಪ. ಸ್ಕ್ಯಾನ್ ಮಾಡಿದರೆ, ಕರುಳಿಗೆ ರಕ್ತ ಒಯ್ಯುವ ನಾಳಗಳೇ ಕಟ್ಟಿಕೊಂಡಿದ್ದವು. ಹೊಟ್ಟೆ ತೆರೆದು, ರಕ್ತ ಹರಿಯಲು ಬೇರೆ ದಾರಿ ಹೊಲಿದರು. ವಾರ ಕಳೆದ ಮೇಲೆ, ವಾರ್ಡಿನಲ್ಲಿ ದೊಡ್ಡಪ್ಪ, ದೊಡ್ಡಮ್ಮ ಕೊಟ್ಟ ಗಂಜಿಯ ಬಟ್ಟಲನ್ನು ಪೂರ್ತಿ ಖಾಲಿ ಮಾಡಿ, ಹೊಟ್ಟೆ ಹಿಡಿದುಕೊಂಡು ಅಲ್ಲಿನ ಗೋಡೆ ಗಡಿಯಾರ ನೋಡುತ್ತ ಕೂತರು. ಅರ್ಧ ಗಂಟೆ ದಾಟಿತು, ನೋವು ಬರಲಿಲ್ಲ. ದೊಡ್ಡಪ್ಪ ಕಕ್ಕಾಬಿಕ್ಕಿಯಾಗಿ ನನ್ನತ್ತ ತಿರುಗಿದರು: "ಆ ಗಡಿಯಾರ ಸ್ವಲ್ಪ ಇಳಿಸಿ ಕೊಡೋ, ಫಾಸ್ಟ್ ಹೋಗ್ತಿದೆ."