ನಾನು ಮರೆಮಾಡಿದ ಹಳದಿ ಸಾಲು

ವಿಮಾನ ನಗರದ ನಮ್ಮ ಕಚೇರಿಯಲ್ಲಿ, ಬೆಳಗಿನ ಹತ್ತು ಗಂಟೆಯ ಸಭೆಗೆ ಮುಂಚೆ ಮಾಡುತ್ತಿದ್ದ ಒಂದು ಕೆಲಸಕ್ಕೆ ನಾವು ‘ಸುಣ್ಣ ಹೊಡೆಯುವುದು’ ಎಂದು ಹೆಸರಿಟ್ಟಿದ್ದೆವು.

ಚಿಂಚವಾಡದ ಒಂದು ಕಾರ್ಖಾನೆಯ ಕಡತ, ಅರ್ಜಿ, ಸೂಚನೆಗಳೆಲ್ಲ ಓಡಾಡುವ ಸರ್ವರ್‌ಗಳನ್ನು ನೋಡಿಕೊಳ್ಳುವುದು ನಮ್ಮ ಜವಾಬ್ದಾರಿ. ಆ ಸರ್ವರ್‌ಗಳು ದಿನವೂ ತಮ್ಮ ಆರೋಗ್ಯವನ್ನು ತಾವೇ ತಪಾಸಣೆ ಮಾಡಿಕೊಂಡು, ಸರಿಯಿಲ್ಲದ್ದನ್ನೆಲ್ಲ ಒಂದು ಪುಟದಲ್ಲಿ ಹಳದಿ ಸಾಲುಗಳಾಗಿ ಪಟ್ಟಿ ಮಾಡುತ್ತವೆ. ಡಿಸ್ಕ್‌ನಲ್ಲಿ ಜಾಗ ಸಾಲದು, ಯಾರೂ ಬಳಸದ ಡೇಟಾಬೇಸ್ ಒಂದು ಉಳಿದಿದೆ, ಇಂಥವು. ಹೆಚ್ಚಿನವು ನಾನು ಕೆಲಸಕ್ಕೆ ಸೇರುವ ಮುಂಚಿನಿಂದ ಇದ್ದವು. ಸರಿಪಡಿಸಿದರೂ ಮರುದಿನ ಹಾಜರು. ಆದರೆ ಸಭೆಗೆ ಮುಂಚೆ ಹಸಿರಾದ ಪುಟದ ಚಿತ್ರ ಮೇಲಿನವರಿಗೆ ಹೋಗಲೇಬೇಕು. ಹಾಗಾಗಿ ಸಾಲುಗಳನ್ನೆಲ್ಲ ಒಟ್ಟಿಗೆ ಗುರುತು ಮಾಡಿ ‘ಮರೆಮಾಡು’ ಒತ್ತಿಬಿಡುತ್ತಿದ್ದೆವು. ಪಕ್ಕದ ಮೇಜಿನ ಮೈಸೂರಿನ ಗೆಳೆಯ ದಿನವೂ ಕೇಳುತ್ತಿದ್ದ, “ಏನಮ್ಮಾ, ಸುಣ್ಣ ಹೊಡೆದಾಯ್ತಾ? ಗೃಹಪ್ರವೇಶಕ್ಕೆ ಟೈಮಾಯ್ತು.”

ಆ ದಿನ ಪಟ್ಟಿಯಲ್ಲಿ ಒಂದು ಸಾಲು ಹೊಸದಿತ್ತು. ಎರಡನೆಯ ಸರ್ವರ್‌ನಲ್ಲಿ ನಿಗದಿತ ಸಮಯಕ್ಕೆ ಕೆಲಸಗಳನ್ನು ನಡೆಸುವ ಸೇವೆ ನಿಂತಿದೆ ಎಂದಿತ್ತು. ನಾನು ಅದನ್ನು ಓದಿದೆ. ಓದಲಿಲ್ಲ ಎಂದು ಹೇಳಿಕೊಳ್ಳುವ ಅನುಕೂಲ ನನಗಿಲ್ಲ. ಸಂಜೆ ನೋಡಿದರಾಯಿತು ಎಂದುಕೊಂಡು, ಉಳಿದವುಗಳ ಜೊತೆ ಅದನ್ನೂ ಮರೆಮಾಡಿದೆ. ಪುಟ ಹಸಿರಾಯಿತು. ಚಿತ್ರ ಕಳಿಸಿ ಚಿಂಚವಾಡಕ್ಕೆ ಹೊರಟೆ. ಅಲ್ಲಿನವರಿಗೆ ಒಂದು ಹೊಸ ಅರ್ಜಿ ತುಂಬುವುದನ್ನು ಕಲಿಸಬೇಕಿತ್ತು.

ಆ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಹೊತ್ತು ಸಾಗುವ ಒಂದು ಉದ್ದನೆಯ ಸರಪಳಿ ಇದೆ. ಅದರ ಕೆಳಗೆ ಆಳೆತ್ತರದ ಗುಂಡಿ. ಗ್ರೀಸ್ ಹಚ್ಚಲು ಯಾರಾದರೂ ಅದಕ್ಕಿಳಿದಾಗ ಸರಪಳಿ ಚಾಲೂ ಆಗಬಾರದು. ಅಥಣಿ ಕಡೆಯ ಹಿರಿಯ ಫಿಟ್ಟರ್ ಒಬ್ಬರು, ನಾನು ಕಾಕಾ ಎನ್ನುತ್ತಿದ್ದೆ, ಇಳಿಯುವ ಮುಂಚೆ ತಮ್ಮ ಬುತ್ತಿಯ ಚೀಲವನ್ನು, ಗುಂಡಿ ಕಾಣದ ಕೋಣೆಯೊಂದರಲ್ಲಿದ್ದ ಚಾಲೂ ಮಾಡುವ ಹಿಡಿಕೆಗೆ ತೂಗುಹಾಕುತ್ತಿದ್ದರು. ಕೆಲವು ತಿಂಗಳ ಹಿಂದೆ ನಾವು ಆ ಕೋಣೆಗೆ ಕಂಪ್ಯೂಟರ್ ಪರದೆ ಕೊಟ್ಟಿದ್ದೆವು. ಇಳಿಯುವವರು ಹೊರಗಿನ ಕಂಪ್ಯೂಟರಿನಲ್ಲಿ ದಾಖಲಿಸಿದರೆ ನಮ್ಮ ಎರಡನೆಯ ಸರ್ವರ್ ಐದೇ ನಿಮಿಷದಲ್ಲಿ ಅವರ ಹೆಸರನ್ನು ಪರದೆಯ ಮೇಲೆ ತರುತ್ತಿತ್ತು. ಅದನ್ನು ಕಲಿಸಿದವಳೂ ನಾನೇ.

“ಇನ್ನ ಮ್ಯಾಲೆ ಚೀಲ ಯಾಕ್ರಿ ಕಾಕಾ? ನೀವು ಒಳಗದೀರಿ ಅಂತ ಪರದೆನ ಹೇಳ್ತದ.”

“ಪರದೆ ಮರತ್ರ?”

“ಅದು ಮರೆಯಂಗಿಲ್ರಿ.”

“ಧಾರವಾಡದಾಕಿ ಅಂತ ನಂಬತೀನಿ ನೋಡು ತಂಗಿ. ಚೀಲ ಇದ್ರ ಯಾರೂ ಹಿಡಿಕಿ ಮುಟ್ಟಂಗಿಲ್ಲ. ನನ್ನ ರೊಟ್ಟಿ ಮುಟ್ಟಿದಾಂವ ಉಳದಾನೇನು?”

ಎಲ್ಲರೂ ನಕ್ಕಿದ್ದರು. ನಾನೂ ನಗುತ್ತಲೇ ಚೀಲವನ್ನು ಹಿಡಿಕೆಯಿಂದ ತೆಗೆದು ಗುಂಡಿಯ ಪಕ್ಕದ ಬೆಂಚಿನ ಮೇಲಿಟ್ಟಿದ್ದೆ.

ಆ ದಿನ ಗೇಟಿನಲ್ಲಿ ಪಾಸು ಬರೆಸುತ್ತಿದ್ದಾಗ ಫೋನ್ ಬಂತು. ಚಾಲೂ ಮಾಡುವ ಕೋಣೆಯಲ್ಲಿದ್ದವನು ಮರಾಠಿಯಲ್ಲಿ ಕೇಳಿದ. ಒಳಗೆ ಯಾರೂ ಇಲ್ಲ ಎಂದು ಪರದೆ ಹೇಳುತ್ತಿದೆ, ಆದರೆ ಮೂಲೆಯಲ್ಲಿ ನಿನ್ನೆ ಸಂಜೆಯ ಸಮಯವಿದೆ, ಇದು ಸರಿಯೇ? ಹೊಸ ದಾಖಲೆ ಇಲ್ಲದಿದ್ದರೆ ಸಮಯ ಬದಲಾಗುವುದಿಲ್ಲ, ನಮ್ಮ ಕಡೆ ಎಲ್ಲ ಹಸಿರಾಗಿದೆ ಎಂದೆ. “ಮಗ ಚಾಲೂ ಕರೂ?” ಹಾಗಾದರೆ ಶುರು ಮಾಡಲೇ ಎಂದು ಅವನು ಮತ್ತೊಮ್ಮೆ ಕೇಳಿದ. ಮಾಡಿ ಎಂದೆ. ಆ ಹಸಿರು ಬಳಿದವಳು ನಾನೇ ಎಂಬುದು ಆ ಕ್ಷಣ ನನಗೇ ನೆನಪಿರಲಿಲ್ಲ.

ಒಳಗೆ ಹೋದರೆ ಗುಂಡಿಯಿಂದ ಕಾಕಾನ ದನಿ ಬಂತು. “ಬಾ ತಂಗಿ, ಇವತ್ತ ಮತ್ತೇನ್ ಹೊಸಾದು ತಂದೀ?”

ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಎಚ್ಚರಿಕೆಯ ಸೈರನ್, ಅಲ್ಲಿನವರ ಭೋಂಗಾ, ಕೂಗಿತು. ಸರಪಳಿ ಹೊರಡುವ ಮುಂಚೆ ಅದು ಹತ್ತು ಎಣಿಸುವಷ್ಟು ಹೊತ್ತು ಕೂಗುತ್ತದೆ. ನಾಲ್ಕು ಹೆಜ್ಜೆ ಆಚೆ ಗೋಡೆಗುಂಟ ಕೆಂಪು ಹಗ್ಗವಿತ್ತು. ಎಳೆದರೆ ಎಲ್ಲವೂ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ನನ್ನ ಕಾಲು ಏಳಲಿಲ್ಲ. ಕಣ್ಣ ಮುಂದೆ ಬೆಳಗಿನ ಆ ಸಾಲು, ಒಂದೊಂದೇ ಪದವಾಗಿ ಬಂತು. ಕಾಕಾ ಏಣಿಯ ಕಡೆ ತಿರುಗಿದ್ದು, ಗ್ರೀಸ್ ಮೆತ್ತಿದ ಅವರ ಅಂಗೈ ಮೆಟ್ಟಿಲಿನಿಂದ ಜಾರಿದ್ದು, ಎಲ್ಲ ನೋಡಿದೆ. ಸರಪಳಿ ಅಲುಗಿತು. ಅವರ ಹೆಗಲ ಮೇಲಿದ್ದ ಬಟ್ಟೆಯ ತುದಿ ಚಕ್ರದ ಹಲ್ಲಿಗೆ ಸಿಕ್ಕಿತು. ಬಟ್ಟೆಯ ಜೊತೆ ಹೆಗಲೂ ಒಳಗೆ ವಾಲತೊಡಗಿತು.

ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆ ಬಿಸಾಕಿ ಹಗ್ಗಕ್ಕೆ ಜೋತುಬಿದ್ದಳು. ಸರಪಳಿ ನಿಂತಿತು. “ಬಾಯಿ, ಬಘತ್ ಕಾಯ್ ಉಭ್ಯಾ?” ಎಂದು ನನ್ನ ಮೇಲೆ ಚೀರಿದಳು. ಏನಮ್ಮಾ, ನೋಡುತ್ತ ಏನು ನಿಂತಿದ್ದೀ ಎಂದು.

ಕಾಕಾ ಮೇಲೆ ಬಂದರು. ಕತ್ತಿನ ಹತ್ತಿರ ಉಜ್ಜಿದ ಗಾಯ ಬಿಟ್ಟರೆ ಬೇರೇನೂ ಆಗಿರಲಿಲ್ಲ. ಬೆಂಚಿನ ಮೇಲೆ ಕೂತು, ಪಕ್ಕದಲ್ಲಿದ್ದ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ನೀರು ಕೊಟ್ಟೆ.

“ಪರದೆಗೇನಾಗಿತ್ತು ತಂಗಿ?”

“ಸರ್ವರ್ ನಿಂತಿತ್ರಿ ಕಾಕಾ,” ಎಂದೆ. ಅದು ನಿಜವೇ. ನಿಜದ ಅಷ್ಟು ಭಾಗ ಹೇಳಲು ನನಗೆ ಕಷ್ಟವಾಗಲಿಲ್ಲ.

ವರದಿಯಲ್ಲೂ ಅಷ್ಟೇ ಬರೆದೆವು. ಸೇವೆ ನಿಂತಿತ್ತು, ಮತ್ತೆ ಶುರು ಮಾಡಲಾಯಿತು. ಯಾರು, ಎಷ್ಟು ಹೊತ್ತಿಗೆ ಸಾಲನ್ನು ಮರೆಮಾಡಿದರೆಂಬುದು ಸರ್ವರ್‌ನಲ್ಲಿ ಇಂದಿಗೂ ದಾಖಲಾಗಿದೆ. ಯಾರೂ ತೆರೆದು ನೋಡಲಿಲ್ಲ.

ಹದಿನೈದು ದಿನ ಕಳೆದ ಮೇಲೆ ತಡೆಯಲಾಗದೆ ಹೋದೆ. ಪಾಳಿ ಮುಗಿಸಿ ಲೋಕಲ್ ರೈಲು ಹಿಡಿಯಲು ಹೊರಟಿದ್ದ ಕಾಕಾನನ್ನು ಗೇಟಿನ ಹೊರಗೆ ನಿಲ್ಲಿಸಿ ಎಲ್ಲ ಹೇಳಿದೆ. ಹಳದಿ ಸಾಲು, ಸುಣ್ಣ, ಫೋನಿನಲ್ಲಿ ‘ಮಾಡಿ’ ಎಂದದ್ದು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಅವರು ಒಂದೇ ಮಾತು ಕೇಳಿದರು.

“ಆ ಸಾಲು ಓದಿದ್ದಿ?”

“ಓದಿದ್ದೆರಿ.”

ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. “ಆತ್ರಿ ಮೇಡಂ. ಬರ್ತೀನ್ರಿ.”

ನಾನೀಗ ಸಾಲುಗಳನ್ನು ಒಂದೊಂದಾಗಿ ಓದುತ್ತೇನೆ. ಸಭೆಗೆ ತಡವಾಗುತ್ತದೆ. ಮೈಸೂರಿನವನು ತಮಾಷೆ ಬಿಟ್ಟಿದ್ದಾನೆ. ಕಾರ್ಖಾನೆಗೆ ಹೋದಾಗಲೆಲ್ಲ ಹಿಡಿಕೆಯ ಮೇಲೆ ಬುತ್ತಿಯ ಚೀಲ ತೂಗುತ್ತಿರುತ್ತದೆ. ಗುಂಡಿಯ ಅಂಚಿನಲ್ಲಿ ನಿಂತು “ಕಾಕಾ, ಅರಾಮ ಅದೀರಿ?” ಎನ್ನುತ್ತೇನೆ. “ಹೌದ್ರಿ ಮೇಡಂ” ಎಂದು ಕೆಳಗಿನಿಂದ ಉತ್ತರ ಬರುತ್ತದೆ.